‘ಕನಾರ್ಟಕ’ವನ್ನು ‘ಕರ್ನಾಟಕ’ ಮಾಡುವ ಕೆಲಸಕ್ಕೂ ಒಂದು ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಬೇಕು

ಮಂಡ್ಯ, ಡಿಸೆಂಬರ್ 29

ಕನ್ನಡ ತಂತ್ರಾಂಶಕ್ಕೆ ಟೆಂಡರ್ ಕರೆಯುವ ಅಧಿಕಾರಿಗಳಿಗೆ, ಹಳೆಯ ಫೈಲುಗಳನ್ನು ಜೋಪಾನ ಮಾಡಿರುವ ಪ್ರಕಾಶಕರಿಗೆ, ಡಿಟಿಪಿ ಅಂಗಡಿಯವರಿಗೆ, ಮತ್ತೆ ನಮ್ಮ ಪರಿವರ್ತಕ ಬಳಸುವ ಎಲ್ಲರಿಗೂ ನಮಸ್ಕಾರ.

ನಾನು ಎಂಟು ವರ್ಷದಿಂದ ಒಂದು ಚಿಕ್ಕ ಓಪನ್ ಸೋರ್ಸ್ (ಮುಕ್ತ, ಅಂದರೆ ಯಾರು ಬೇಕಾದರೂ ಬಳಸಿ ಬದಲಿಸಬಹುದಾದ) ತಂತ್ರಾಂಶ ನೋಡಿಕೊಳ್ಳುತ್ತಿದ್ದೇನೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡವನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗೂ ಒಂದೇ ಥರ ಅರ್ಥವಾಗುವ ಅಕ್ಷರ ಸಂಕೇತ) ತರುವುದು ಅದರ ಕೆಲಸ. ಅಷ್ಟೇ, ಬೇರೇನೂ ಮಾಡುವುದಿಲ್ಲ. ಇಂಥ ಪರಿವರ್ತಕ ನಮ್ಮದೊಂದೇ ಅಲ್ಲ. ಬೇರೆಯವರು ಮಾಡಿದ್ದೂ ಇವೆ, ಕೆಲವು ವಿಷಯಗಳಲ್ಲಿ ಅವು ನಮ್ಮದಕ್ಕಿಂತ ಚೆನ್ನಾಗಿಯೂ ಇವೆ.

ಮನೆ ಮಂಡ್ಯದಲ್ಲಿ, ಹೊಟ್ಟೆಪಾಡು ಮೈಸೂರಿನಲ್ಲಿ. ಬೆಳಿಗ್ಗೆ ರೈಲು ಹತ್ತುತ್ತೇನೆ, ಸಂಜೆ ಅದೇ ದಾರಿಯಲ್ಲಿ ವಾಪಸ್. ಸೀಟು ಸಿಕ್ಕಿದರೆ ಲ್ಯಾಪ್‌ಟಾಪ್ ತೊಡೆಯ ಮೇಲೆ ಬರುತ್ತದೆ. ಪರಿವರ್ತಕದ ಮುಕ್ಕಾಲು ಪಾಲು ಯಲಿಯೂರಿಗೂ ನಾಗನಹಳ್ಳಿಗೂ ನಡುವೆ ಬರೆದದ್ದು. ಸೀಟು ಸಿಗದ ವಾರ ರಿಲೀಸ್ (ಹೊಸ ಆವೃತ್ತಿ) ಇಲ್ಲ. ತಮಾಷೆಗೆ ಹೇಳುತ್ತಿಲ್ಲ, ನಮ್ಮ ವೇಳಾಪಟ್ಟಿ ಇರುವುದೇ ಹೀಗೆ.

ಪ್ರತಿ ವರ್ಷದ ಕೊನೆಗೆ, ಸಹಾಯ ಮಾಡಿದ ನಾಲ್ಕೈದು ಜನರಿಗೆ ಒಂದು ಪತ್ರ ಬರೆಯುತ್ತೇನೆ. ಏನು ಸರಿಹೋಯಿತು, ಏನು ಕೆಟ್ಟಿತು, ಮುಂದೇನು ಅಂತ. ಈ ಸಲ ಅದನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ. ಅದಕ್ಕೆ ಕಾರಣ ಸೆಪ್ಟೆಂಬರ್‌ನಲ್ಲಿ ನಡೆದ ಒಂದು ಮೀಟಿಂಗ್. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು, ಇಂಥದ್ದೊಂದು ಯಾಕೆ ಬೇಕು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು.

ಯೂನಿಕೋಡ್‌ನ ಮೊದಲ ಆವೃತ್ತಿ ಬಂದಿದ್ದು 1991ರಲ್ಲಿ. ಕನ್ನಡಕ್ಕೆ ಅದರಲ್ಲೇ ಜಾಗ ಸಿಕ್ಕಿತು. 128 ಮನೆಗಳ ಒಂದು ಬೀದಿಯನ್ನು ನಮಗೆ ಬಿಟ್ಟುಕೊಟ್ಟರು. ಆದರೆ ಸೈಟು ಸಿಕ್ಕಿದ ಮಾತ್ರಕ್ಕೆ ಸಂಸಾರ ಹೂಡಲು ಆಗುತ್ತದೆಯೇ? ನಮ್ಮ ಊರಿನ ಡಿಟಿಪಿ ಅಂಗಡಿಗಳಲ್ಲಿ ಆಗ ಪುಟ ಜೋಡಿಸಲು ಇದ್ದದ್ದು ಪೇಜ್‌ಮೇಕರ್. ಅದರಲ್ಲಿ ಯೂನಿಕೋಡ್ ಕನ್ನಡ ನಡೆಯುತ್ತಿರಲಿಲ್ಲ. ಮದುವೆ ಕಾರ್ಡು, ಕರಪತ್ರ, ಜಾತ್ರೆ ಪೋಸ್ಟರು, ಸೊಸೈಟಿಯ ವಾರ್ಷಿಕ ವರದಿ, ಕವನ ಸಂಕಲನ ಎಲ್ಲವೂ ಹಳೆಯ ಫಾಂಟುಗಳಲ್ಲೇ ಆದವು. ಬರಹ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಬಂತು. ಇವೆಲ್ಲ ಇಲ್ಲದಿದ್ದರೆ ಕಂಪ್ಯೂಟರ್ ಮೇಲೆ ಕನ್ನಡವೇ ಇರುತ್ತಿರಲಿಲ್ಲ. ಅದನ್ನು ಮರೆತು ಮಾತಾಡಬಾರದು.

ಆ ಕಾಲದ ಫಾಂಟುಗಳು ಒಂದು ಉಪಾಯ ಮಾಡಿದ್ದವು. ಇಂಗ್ಲಿಷ್ ಅಕ್ಷರಗಳು ಕೂರುವ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ನೋಡುವ ಕಣ್ಣಿಗೆ ಕನ್ನಡ. ಕಂಪ್ಯೂಟರ್ ಪಾಲಿಗೆ ಮಾತ್ರ ಅದು ಇಂಗ್ಲಿಷ್‌ನ ಗೋಜಲು. ನುಡಿಯಲ್ಲಿ ‘ಕ’ ಅಂದರೆ ಇಂಗ್ಲಿಷ್‌ನ ದೊಡ್ಡ ‘ಪಿ’, ಪಕ್ಕದಲ್ಲಿ ತಲೆ ಮೇಲೆ ಓರೆ ಗೆರೆ ಇರುವ ಒಂದು ‘ಎ’. ‘ನ’ ಬೇಕು ಅಂದರೆ ಬ್ರಿಟಿಷರ ಪೌಂಡ್ ಗುರುತು. ಹಾಗಾಗಿ ‘ಕನ್ನಡ’ ಅನ್ನುವ ಪದ ಅಲ್ಲಿ ಏಳು ಗುರುತುಗಳ ಸಾಲು, ಅದರ ಹೊಟ್ಟೆಯಲ್ಲಿ ಒಂದು ಪೌಂಡ್. ಸ್ವಾತಂತ್ರ್ಯ ಬಂದು ಐವತ್ತು ವರ್ಷವಾದ ಮೇಲೂ ಕನ್ನಡದೊಳಗೆ ಪೌಂಡ್ ಓಡಾಡುತ್ತಿತ್ತು ನೋಡಿ.

‘ಮ’ದ ಕಥೆ ಇನ್ನೂ ಚೆಂದ. ನುಡಿಯಲ್ಲಿ ‘ಮ’ ಅಂದರೆ ‘ವ’ಕ್ಕೆ ಒಂದು ಕೊಂಬು ಹಚ್ಚಿದ್ದು. ಹಾಗಾದರೆ ‘ವು’? ಅದಕ್ಕೆ ಬೇರೆ ಕೊಂಬು. ಎರಡು ಕೊಂಬುಗಳನ್ನು ಅದಲು ಬದಲು ಮಾಡಿದಿರೋ, ಕೆಟ್ಟಿತು. ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ ಮಾತ್ರ ಯಾವುದೋ ದೇಶದ ಗೂಢಲಿಪಿ. ಹುಡುಕಾಟವಂತೂ ಆಗುವುದೇ ಇಲ್ಲ. ಒಂದು ಸಾವಿರ ಫೈಲಿನಲ್ಲಿ ‘ಮಂಡ್ಯ’ ಎಲ್ಲಿದೆ ಅಂತ ಕೇಳಿದರೆ, ಎಲ್ಲೂ ಇಲ್ಲ ಅನ್ನುತ್ತದೆ ಕಂಪ್ಯೂಟರ್. ಅದೇನೂ ಸುಳ್ಳು ಹೇಳುತ್ತಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುವುದು ಅರ್ಕಾವತ್ತು. ನಾವು ಬಾಯಲ್ಲಿ ಹೇಳುವಾಗ ‘ಕರ್ನಾಟಕ’ದಲ್ಲಿ ‘ರ್’ ಮೊದಲು, ‘ನಾ’ ಆಮೇಲೆ. ಯೂನಿಕೋಡ್ ಕೂಡ ಬಾಯಿಯ ಕ್ರಮವನ್ನೇ ಹಿಡಿಯುತ್ತದೆ. ಹಳೆಯ ಫಾಂಟು ಕಣ್ಣಿನ ಕ್ರಮ ಹಿಡಿಯುತ್ತದೆ. ಅರ್ಕಾವತ್ತು ಬಲಗಡೆ ಕಾಣುತ್ತದಲ್ಲ, ಹಾಗಾಗಿ ಅದು ‘ನಾ’ ಆದ ಮೇಲೆ ಬರುತ್ತದೆ. ಪರಿವರ್ತಿಸುವಾಗ ಅದನ್ನು ಎತ್ತಿ ಹಿಂದಕ್ಕೆ ತರಬೇಕು. ತರದಿದ್ದರೆ ಏನಾಗುತ್ತದೆ ಅಂತ ನೀವೆಲ್ಲ ನೋಡಿದ್ದೀರಿ. ‘ಕನಾರ್ಟಕ’. ‘ಕಾಯರ್ಕ್ರಮ’. ‘ಧರ್ಮ’ ಹೋಗಿ ‘ಧಮರ್’. ಎತ್ತಿ ತಂದರೂ ಸರಿಯಾದ ಜಾಗಕ್ಕೆ ತರಬೇಕು. ‘ಸಾಮರ್ಥ್ಯ’ದಲ್ಲಿ ‘ಥ್ಯ’ ಪೂರ್ತಿ ದಾಟಿ ಹಿಂದೆ ಬರಬೇಕು. ಅರ್ಧ ದಾರಿಯಲ್ಲಿ ನಿಂತರೆ ಅದು ‘ಸಾಮಥ್ರ್ಯ’ ಆಗುತ್ತದೆ. ಇಂಥ ಪದಗಳು ಈಗ ಅಂತರ್ಜಾಲದ ತುಂಬ ಇವೆ. ಒಂದೊಂದರ ಹಿಂದೆಯೂ ಅರ್ಧ ದಾರಿಯಲ್ಲಿ ನಿಂತ ಒಂದು ಪರಿವರ್ತಕ ಇದೆ. ಕೆಲವು ನಮ್ಮವೂ ಹೌದು. ಮೊದಲ ಎರಡು ವರ್ಷ ನಮ್ಮದೂ ‘ಸಾಮಥ್ರ್ಯ’ವನ್ನೇ ಕೊಡುತ್ತಿತ್ತು. ಅದಕ್ಕೆ ಈಗಲೂ ಕ್ಷಮೆ ಕೇಳುತ್ತೇನೆ.

ಈ ವರ್ಷ ಮೂರು ರಿಲೀಸ್ ಮಾಡಿದೆವು. ಮೊದಲನೆಯದರ ಬಗ್ಗೆ ಹೇಳಲೇಬೇಕು. ಅದರಿಂದ ಬೈಸಿಕೊಂಡಷ್ಟು ನಾನು ಯಾವತ್ತೂ ಬೈಸಿಕೊಂಡಿಲ್ಲ.

ನಮ್ಮ ಪರಿವರ್ತಕದಲ್ಲಿ ಒಂದು ಹಳೆಯ ತಪ್ಪಿತ್ತು. ಪದ ಅರ್ಧಾಕ್ಷರದಲ್ಲಿ ಮುಗಿದರೆ, ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸಿಬಿಡುತ್ತಿತ್ತು. ‘ಸಾಫ್ಟ್‌ವೇರ್’ ಥರದ ಪದದ ಮಧ್ಯೆ ಆ ಗುರುತು ಬೇಕು. ಇಲ್ಲದಿದ್ದರೆ ‘ಟ’ಕ್ಕೆ ‘ವ’ ಒತ್ತಾಗಿ ಅಂಟಿಕೊಳ್ಳುತ್ತದೆ. ಆದರೆ ‘ಬಸ್’ ಕೊನೆಗೆ ಯಾಕೆ? ಅದರಿಂದ ಹುಡುಕಾಟದಲ್ಲಿ ತೊಂದರೆಯಾಗುತ್ತಿತ್ತು. ಒಂದೇ ಥರ ಕಾಣುವ ಎರಡು ‘ಬಸ್’ ಇರುತ್ತಿದ್ದವು, ಒಂದು ಸಿಕ್ಕರೆ ಇನ್ನೊಂದು ಸಿಗುತ್ತಿರಲಿಲ್ಲ. ಫೆಬ್ರವರಿಯಲ್ಲಿ ಕೂತು ತೆಗೆದು ಹಾಕಿದೆ. ಹತ್ತು ಸಾಲಿನ ಬದಲಾವಣೆ. ಪಾಂಡವಪುರ ಬರುವ ಮುಂಚೆ ಮುಗಿದಿತ್ತು.

ವಾರದೊಳಗೆ ಮೈಸೂರಿನಿಂದ ಒಬ್ಬರು ಫೋನ್ ಮಾಡಿದರು. ಹಿರಿಯರು. ಹಳೆಯ ಪುಸ್ತಕಗಳನ್ನು ಪರಿವರ್ತಿಸಿ ಪದಪಟ್ಟಿ ಮಾಡುತ್ತಿದ್ದಾರೆ. ‘ನಮ್ಮ ಅನ್ಯದೇಶ್ಯ ಪದಗಳೆಲ್ಲ ಎಲ್ಲಿಗೆ ಹೋದವು ಸ್ವಾಮಿ?’ ಅಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ವಿಚಾರಿಸಿದರೆ ವಿಷಯ ಹೀಗೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತವೆ. ಬಸ್, ಪೆನ್, ಚೆಕ್ ಥರ ಅರ್ಧಾಕ್ಷರದಲ್ಲಿ ಮುಗಿಯುವುದು ಹೆಚ್ಚಾಗಿ ಹೊರಗಿನಿಂದ ಬಂದ ಪದ. ನಮ್ಮ ತಪ್ಪಿನಿಂದ ಅಂಥ ಪ್ರತಿ ಪದದ ಬಾಲಕ್ಕೂ ಒಂದು ಕಾಣದ ಗುರುತು ಅಂಟಿಕೊಂಡಿತ್ತಲ್ಲ, ಅವರು ಅದನ್ನೇ ಹಿಡಿದು ಅನ್ಯದೇಶ್ಯ ಪದಗಳನ್ನು ಬೇರ್ಪಡಿಸುತ್ತಿದ್ದರು. ಎರಡು ವರ್ಷದ ಕೆಲಸ. ನಾನು ಗುರುತು ತೆಗೆದೆ, ಅವರ ಜರಡಿ ತೂತಾಯಿತು.

‘ಅರ್ಧಾಕ್ಷರವನ್ನೇ ಹುಡುಕಿದ್ದರೂ ಸಾಕಿತ್ತಲ್ಲ ಸರ್’ ಅಂದೆ. ‘ಅದು ನನಗೇನು ಗೊತ್ತು? ನಿಮ್ಮ ಗುರುತು ಇತ್ತು, ಹಿಡಿದುಕೊಂಡೆ. ನಿಮ್ಮ ತಪ್ಪನ್ನು ನಂಬಿ ಕೂತಿದ್ದೆ ಕಣ್ರೀ’ ಅಂದರು.

ಆ ಮಾತು ಇಡೀ ವರ್ಷ ನನ್ನ ಕಿವಿಯಲ್ಲಿತ್ತು. ಜನ ಬಳಸುವ ತಂತ್ರಾಂಶದಲ್ಲಿ ತಪ್ಪು ಕೂಡ ಯಾರದೋ ಮನೆಯ ತೊಲೆಯಾಗಿರುತ್ತದೆ. ಯೂನಿಕೋಡ್‌ನವರಿಗೂ ಇದು ತಪ್ಪಿಲ್ಲ. ಹಳಗನ್ನಡದ ‘ೞ’ ಅಕ್ಷರಕ್ಕೆ ಅಲ್ಲಿ ಇಟ್ಟಿರುವ ಅಧಿಕೃತ ಇಂಗ್ಲಿಷ್ ಹೆಸರು ಏನು ಗೊತ್ತಾ? ‘ಫ’. ಯಾರೋ ಎಡವಟ್ಟು ಮಾಡಿದ್ದಾರೆ. ತಪ್ಪು ಅಂತ ಅವರೇ ಒಪ್ಪಿಕೊಂಡು ಪಕ್ಕದಲ್ಲಿ ಸರಿಯಾದ ಹೆಸರನ್ನೂ ಬರೆದಿದ್ದಾರೆ. ಆದರೆ ಮೂಲ ಹೆಸರನ್ನು ಅಳಿಸುವಂತಿಲ್ಲ. ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಅನ್ನುವುದು ಅವರ ನಿಯಮ. ಪಂಪ ಬಳಸಿದ ಅಕ್ಷರ ಕಂಪ್ಯೂಟರ್ ಇರುವವರೆಗೂ ‘ಫ’ ಅನ್ನಿಸಿಕೊಂಡೇ ಇರಬೇಕು. ನಾನು ಅಷ್ಟು ದೊಡ್ಡವನಲ್ಲ, ಹಾಗಾಗಿ ಹಿರಿಯರಿಗೆ ಹಳೆಯ ನಡವಳಿಕೆಯನ್ನು ಮರಳಿ ಕೊಡುವ ಒಂದು ಆಯ್ಕೆ ಸೇರಿಸಿದೆ. ಬಳಸುವವರು ಅವರೊಬ್ಬರೇ. ಆ ಒಂದು ಆಯ್ಕೆಗೋಸ್ಕರ ಈಗ ಪ್ರತಿ ರಿಲೀಸಿನಲ್ಲೂ ಎರಡು ಸಲ ಟೆಸ್ಟ್ ಮಾಡುತ್ತೇನೆ.

ಮೇಂಟೇನರ್ ಅಂದರೆ ಏನು ಕೆಲಸ ಅಂತ ಕೇಳುವವರಿಗೆ ಇದೇ ಉತ್ತರ. ಬರೆಯುವುದು ಕಮ್ಮಿ. ಯಾರು ಏನನ್ನು ನಂಬಿಕೊಂಡಿದ್ದಾರೆ ಅಂತ ನೆನಪಿಟ್ಟುಕೊಳ್ಳುವುದೇ ಜಾಸ್ತಿ.

ಮೇ ತಿಂಗಳು ಪೂರ್ತಿ ನಾನು ಒಂದು ಮೆಯಿಲಿಗೂ ಉತ್ತರ ಕೊಡಲಿಲ್ಲ. ಅಪ್ಪನಿಗೆ ಆಪರೇಷನ್ ಆಗಿತ್ತು. ಜೂನ್‌ನಲ್ಲಿ ತೆರೆದು ನೋಡಿದರೆ ಹತ್ತೊಂಬತ್ತು ದೂರು ಕೂತಿದ್ದವು. ಒಂದರಲ್ಲಿ ‘ಈ ಯೋಜನೆ ಸತ್ತಿದೆಯಾ? ಸತ್ತಿದ್ದರೆ ಹೇಳಿಬಿಡಿ’ ಅಂತ ಇತ್ತು. ಇನ್ನೊಂದರಲ್ಲಿ, ನಿಮಗೆ ಆಗದಿದ್ದರೆ ಬೇರೆಯವರಿಗೆ ಕೀಲಿ (ಕೋಡ್ ಬದಲಿಸಿ ರಿಲೀಸ್ ಮಾಡುವ ಅಧಿಕಾರ) ಕೊಡಿ ಅಂತ. ಅದರ ಕೆಳಗೇ ಮೂರನೆಯ ಮೆಯಿಲು. ನಾನು ಸಹಾಯ ಮಾಡುತ್ತೇನೆ, ನನಗೇ ಕೊಡಿ ಅಂತ. ಹೆಸರು ಕೇಳಿದ್ದಲ್ಲ, ಊರು ಇಲ್ಲ, ಬೇರೆ ಕೆಲಸದ ಗುರುತೂ ಇಲ್ಲ.

ಸುಸ್ತಾಗಿತ್ತು. ಕೊಟ್ಟುಬಿಡೋಣ ಅನ್ನಿಸಿತು. ಕೈ ತಡೆದದ್ದು ಎಕ್ಸ್‌ಝಡ್ ಪ್ರಕರಣ.

ಅದನ್ನು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಕ್ಸ್‌ಝಡ್ ಅನ್ನುವುದು ಫೈಲುಗಳನ್ನು ಕುಗ್ಗಿಸುವ ಒಂದು ಸಣ್ಣ ತಂತ್ರಾಂಶ. ಲಿನಕ್ಸ್ ಇರುವ ಕಡೆಯೆಲ್ಲ ಇದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸ್ಸೆ ಕೊಲಿನ್, ಹೆಚ್ಚುಕಡಿಮೆ ಒಬ್ಬರೇ. ಸಂಬಳವಿಲ್ಲ. 2022ರಲ್ಲಿ ಅವರ ಮೇಲೆ ಒತ್ತಡ ಶುರುವಾಯಿತು. ಮೊದಲು ಎಲ್ಲೂ ಕಾಣದ ಹೆಸರುಗಳಿಂದ ಪತ್ರಗಳು. ನೀವು ನಿಧಾನ, ಇನ್ನೊಬ್ಬರಿಗೆ ಬಿಟ್ಟುಕೊಡಿ ಅಂತ. ಅವರು ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅಂತ ಹೇಳಿಕೊಂಡರು. ಅದೇ ಹೊತ್ತಿಗೆ ‘ಜಿಯಾ ಟಾನ್’ ಅನ್ನುವ ಹೆಸರಿನವರು ಬಹಳ ವಿನಯದಿಂದ, ಬಹಳ ತಾಳ್ಮೆಯಿಂದ ಕೆಲಸ ಮಾಡಿಕೊಡುತ್ತಿದ್ದರು. ಎರಡು ವರ್ಷಕ್ಕೂ ಮೇಲೆ ಒಳ್ಳೆಯ ಕೆಲಸವನ್ನೇ ಮಾಡಿದರು. ಕೀಲಿ ಕೈಗೆ ಬಂತು. 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳ ಒಳಗೆ ಕಳ್ಳಬಾಗಿಲು ಕೂರಿಸಿದರು. ಸರ್ವರ್‌ಗಳ ಒಳಗೆ ನುಗ್ಗುವ ಬಾಗಿಲು.

ಸಿಕ್ಕಿಬಿದ್ದದ್ದು ಅದೃಷ್ಟದಿಂದ. ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಎಂಜಿನಿಯರ್ ಬೇರೇನೋ ಅಳೆಯುತ್ತಿದ್ದರು. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಕೆದಕಿದರು. ಮಾರ್ಚ್ 29ಕ್ಕೆ ಜಗತ್ತಿಗೆ ಹೇಳಿದರು. ಜಿಯಾ ಟಾನ್ ಯಾರು ಅಂತ ಇವತ್ತಿಗೂ ಪತ್ತೆಯಿಲ್ಲ.

ನಮ್ಮ ಪರಿವರ್ತಕ ಕದ್ದು ಯಾರೇನು ಮಾಡುತ್ತಾರೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಯೋಚಿಸಿದೆ. ಇದು ಕಚೇರಿಗಳ ಕಂಪ್ಯೂಟರ್‌ನಲ್ಲಿ ಇದೆ. ಇದರೊಳಗೆ ಹಾದು ಹೋಗುವುದು ಜನರ ಹೆಸರು, ಜಮೀನಿನ ವಿವರ, ಕೋರ್ಟು ಕಾಗದ. ಒಂದು ಸೊನ್ನೆ ಆಚೀಚೆ ಮಾಡುವ ಪರಿವರ್ತಕವನ್ನು ಯಾರೂ ಅನುಮಾನಿಸುವುದಿಲ್ಲ. ಆ ಮೆಯಿಲಿಗೆ ‘ಮೊದಲು ಒಂದು ಸಣ್ಣ ಬಗ್ ಸರಿಮಾಡಿ ಕಳಿಸಿ’ ಅಂತ ಉತ್ತರ ಬರೆದೆ. ಮತ್ತೆ ಸುದ್ದಿಯಿಲ್ಲ. ಪಾಪ, ನಿಜವಾಗಿಯೂ ಸಹಾಯ ಮಾಡಲು ಬಂದವರೇ ಇರಬಹುದು. ನನಗೆ ಗೊತ್ತಾಗುವ ದಾರಿ ಇರಲಿಲ್ಲ.

ಕೊನೆಗೆ ಎರಡನೆಯ ಕೀಲಿ ಕೊಟ್ಟಿದ್ದು ಮೈಸೂರಿನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿನಿಗೆ. ಒಂದೂವರೆ ವರ್ಷದಿಂದ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸುತ್ತಿದ್ದವಳು. ‘ೞ’ ಮತ್ತು ‘ಱ’ ಸರಿಮಾಡಿದ್ದು ಅವಳೇ. ಕೊಡುವ ಮುಂಚೆ ಒಮ್ಮೆ ಮುಖ ನೋಡೋಣ ಅಂದೆ. ಮೈಸೂರು ಸ್ಟೇಷನ್ನಿನಲ್ಲಿ ಸಿಕ್ಕಿ ಕಾಫಿ ಕುಡಿದೆವು. ಅವರಮ್ಮನೂ ಜೊತೆಗೆ ಬಂದಿದ್ದರು. ನನ್ನನ್ನು ಪರೀಕ್ಷೆ ಮಾಡಲು. ‘ಇದರಿಂದ ಕೆಲಸ ಸಿಗತ್ತಾ ಸರ್?’ ಅಂತ ಕೇಳಿದರು. ಸಿಗಬಹುದು ಮೇಡಂ, ಇದೇ ಕೆಲಸಕ್ಕೆ ಮಾತ್ರ ಸಂಬಳ ಸಿಗುವುದಿಲ್ಲ ಅಂದೆ. ಜಗತ್ತಿನ ದೊಡ್ಡ ಕಂಪನಿಗಳು ಇನ್ನೂ ಹುಡುಕುತ್ತಿರುವ ಭದ್ರತಾ ವ್ಯವಸ್ಥೆ ನಮ್ಮಲ್ಲಿ ಹೀಗಿದೆ. ಒಂದು ಕಾಫಿ, ಒಬ್ಬರು ಅಮ್ಮ.

ಇನ್ನೊಬ್ಬರನ್ನು ನೆನೆಯಬೇಕು. ಕೆ.ಆರ್. ಪೇಟೆ ಕಡೆಯ ನಿವೃತ್ತ ಕನ್ನಡ ಮೇಷ್ಟ್ರು. ಕೋಡ್ ಅಂದರೆ ಅವರಿಗೆ ಏನೂ ಗೊತ್ತಿಲ್ಲ. ಪರಿವರ್ತಿಸಿದ ಪುಟಗಳನ್ನು ಪ್ರಿಂಟ್ ಹಾಕಿಸಿ, ಕೆಂಪು ಇಂಕಿನಲ್ಲಿ ತಪ್ಪು ಗುರುತು ಮಾಡಿ, ಫೋಟೊ ತೆಗೆದು ಕಳಿಸುತ್ತಾರೆ. ಮೂವತ್ತು ವರ್ಷ ಮಕ್ಕಳ ಪುಸ್ತಕ ತಿದ್ದಿದ ಕೈ. ನಮ್ಮ ಟೆಸ್ಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಕೆಂಪು ಇಂಕಿನಿಂದ ಬಂದವು. ಕೆಲವು ಸಲ ಮೂಲ ಲೇಖಕರ ವ್ಯಾಕರಣವನ್ನೂ ತಿದ್ದಿ ಕಳಿಸುತ್ತಾರೆ. ಅದನ್ನು ಮಾತ್ರ ಬಿಟ್ಟುಬಿಡುತ್ತೇನೆ.

ಒಂದು ಕಂಪನಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೆಸರು ಬೇಡ. ‘ನಾಳೆ ಬೆಳಿಗ್ಗೆಯೊಳಗೆ ಸರಿಮಾಡಿ, ಕ್ಲೈಂಟ್ ಕಾಯುತ್ತಿದ್ದಾರೆ’ ಅಂತ ಅವರಿಂದ ಮೆಯಿಲು ಬಂತು. ನೋಡಿದರೆ ನಮ್ಮ ಪರಿವರ್ತಕವನ್ನೇ ಬೇರೆ ಹೆಸರಲ್ಲಿ ಮಾರಿದ್ದಾರೆ. ಮಾರಲಿ, ನಮ್ಮದು ಎಂಐಟಿ ಲೈಸೆನ್ಸ್. ಬಳಸಬಹುದು, ಬದಲಿಸಬಹುದು, ಮಾರಲೂಬಹುದು. ಹಕ್ಕುಸ್ವಾಮ್ಯದ ಸಾಲನ್ನು ಅಳಿಸಬಾರದು, ಅಷ್ಟೇ. ಅವರು ಅದೊಂದನ್ನೇ ಅಳಿಸಿದ್ದರು. ಅದೇ ಲೈಸೆನ್ಸಿನಲ್ಲಿ ಯಾವ ಗ್ಯಾರಂಟಿಯೂ ಇಲ್ಲ ಅಂತಲೂ ಬರೆದಿದೆ. ಆ ಸಾಲನ್ನು ಓದಿರಲಿಲ್ಲ ಅಂತ ಕಾಣುತ್ತದೆ.

ಈಗ ಸೆಪ್ಟೆಂಬರ್‌ಗೆ ಬರುತ್ತೇನೆ.

ಮೈಸೂರಿನಲ್ಲಿ ಒಂದು ಕಚೇರಿಯವರು ಕರೆದರು. ಅವರ ಹತ್ತಿರ ಸಾವಿರಾರು ಹಳೆಯ ಫೈಲುಗಳಿವೆ, ನಮ್ಮ ಪರಿವರ್ತಕದಲ್ಲೇ ಕೆಲಸ ನಡೆಯುತ್ತಿದೆ. ಅಧಿಕಾರಿಗಳು ತುಂಬ ಮರ್ಯಾದೆಯಿಂದ ಮಾತಾಡಿಸಿದರು. ಒಳ್ಳೆಯ ಕಾಫಿ ತರಿಸಿದರು. ಏನು ಬೇಕು ಹೇಳಿ ಅಂದರು. ತಿಂಗಳಿಗೆ ಇಪ್ಪತ್ತು ಗಂಟೆ ಕೂತು ಕೆಲಸ ಮಾಡುವ ಒಬ್ಬರಿಗೆ ಸಂಭಾವನೆ ಬೇಕು ಸರ್ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ‘ಹೊಸದಾಗಿ ಏನಾದರೂ ಇದೆಯಾ? ಲಾಂಚ್ ಮಾಡುವಂಥದ್ದು? ಒಂದು ಆ್ಯಪ್?’ ಅಂದರು.

ಇಲ್ಲ ಸರ್, ಇರುವುದೇ ಕೆಡದಂತೆ ನೋಡಿಕೊಳ್ಳಬೇಕು ಅಂದೆ. ‘ಅದು ಫ್ರೀ ಅಲ್ವಾ?’ ಅಂದರು. ಆಮೇಲೆ ಸಹಾಯಕರು ಬಂದು ಪಟ್ಟಿ ಕೇಳಿದರು. ಸಂಸ್ಥೆಯ ನೋಂದಣಿ, ಜಿಎಸ್‌ಟಿ ನಂಬರು, ಇಎಂಡಿ (ಟೆಂಡರ್ ಠೇವಣಿ), ಮೂರು ವರ್ಷದ ಟರ್ನೋವರ್. ಈ ವರ್ಷ ನಮಗೆ ಬಂದ ದೇಣಿಗೆ 11,400 ರೂಪಾಯಿ. ಅದರಲ್ಲಿ ಹೆಚ್ಚಿನದು ಮೇಷ್ಟ್ರ ಪ್ರಿಂಟಿಗೆ ಹೋಯಿತು. ಅದನ್ನೇ ಟರ್ನೋವರ್ ಅಂತ ಹೇಳಿದೆ. ಅವರು ನಗಲಿಲ್ಲ, ಬರೆದುಕೊಂಡರು.

ಹೊರಗೆ ಬರುವಾಗ ಲಿಫ್ಟ್‌ನಲ್ಲಿ ಒಂದು ಚೀಟಿ ಅಂಟಿಸಿದ್ದು ಕಂಡಿತು. ಎಎಂಸಿ ಯಾವಾಗಿನಿಂದ ಯಾವಾಗಿನವರೆಗೆ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅಂತ. ಕಾರಿಡಾರ್‌ನ ಯುಪಿಎಸ್ ಮೇಲೂ ಅಂಥದ್ದೇ ಚೀಟಿ. ನೀರಿನ ಫಿಲ್ಟರ್ ಮೇಲೂ ಇತ್ತು. ನಾನು ಕೇಳಲು ಹೋಗಿದ್ದು ಅದನ್ನೇ. ಆ ಪದ ಒಳಗೆ ಕೂತಿದ್ದಾಗ ಬಾಯಿಗೆ ಬರಲಿಲ್ಲ. ಅದಕ್ಕೇ ಈ ಪತ್ರ.

ಅಧಿಕಾರಿಗಳೇ, ನೀವು ಬಳಸುವ ಮುಕ್ತ ತಂತ್ರಾಂಶಕ್ಕೂ ಒಂದು ಎಎಂಸಿ ಮಾಡಿ. ನಮಗೇ ಕೊಡಿ ಅಂತ ಹೇಳುತ್ತಿಲ್ಲ. ಫಾಂಟ್ ಮಾಡುವವರಿಗೆ, ಕೀಲಿಮಣೆ ನೋಡಿಕೊಳ್ಳುವವರಿಗೆ, ಕಾಗುಣಿತ ಪರೀಕ್ಷಕ ಮಾಡುವವರಿಗೆ, ಯಾರ ಕೆಲಸ ನಿಮ್ಮ ಕಚೇರಿಯಲ್ಲಿ ದಿನಾ ನಡೆಯುತ್ತಿದೆಯೋ ಅವರಿಗೆ ಕೊಡಿ. ಹೊಸ ಆ್ಯಪ್‌ಗೆ ಇಡುವ ದುಡ್ಡಿನಲ್ಲಿ ಒಂದು ಚೂರು ಸಾಕು. ಫ್ರೀ ಅಂದರೆ ನಿಮಗೆ ಫ್ರೀ. ಮಾಡುವವರ ಹೊತ್ತು ಎಲ್ಲಿಂದಲೋ ಬರಲೇಬೇಕಲ್ಲ.

ಇದು ನನ್ನ ಕನಸಿನ ಮಾತಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ದೋಷ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಬಯಲಾಯಿತು. ಜಗತ್ತಿನ ಬ್ಯಾಂಕು, ಮೆಯಿಲು, ಅಂಗಡಿಗಳ ಬೀಗವೇ ಓಪನ್‌ಎಸ್‌ಎಸ್‌ಎಲ್. ಅದಕ್ಕೆ ಅಲ್ಲಿಯವರೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಅಂತ ಆಗ ಗೊತ್ತಾಯಿತು. ಬೀಗ ಮುರಿದ ಮೇಲೆ ದೊಡ್ಡ ಕಂಪನಿಗಳು ಚಂದಾ ಎತ್ತಿದವು. ಜರ್ಮನಿಯ ಸರ್ಕಾರ 2022ರಲ್ಲಿ ಇದಕ್ಕಂತಲೇ ಒಂದು ನಿಧಿ ಶುರುಮಾಡಿತು. ಆಗಲೇ ಇರುವ ಮುಕ್ತ ತಂತ್ರಾಂಶ ಕೆಡದಂತೆ ನೋಡಿಕೊಳ್ಳುವವರಿಗೆ ಅದು ದುಡ್ಡು ಕೊಡುತ್ತದೆ. ಅಷ್ಟು ದೂರ ಯಾಕೆ, ಬೆಂಗಳೂರಿನ ಷೇರು ವಹಿವಾಟಿನ ಕಂಪನಿ ಝೆರೋಧಾ 2024ರಲ್ಲಿ ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಇಡುವ ನಿಧಿ ಮಾಡಿತು. ಕೇಂದ್ರ ಸರ್ಕಾರದ ನೀತಿ 2015ರಿಂದಲೇ ಇದೆ. ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಿ ಅನ್ನುತ್ತದೆ ಅದು. ಆದ್ಯತೆ ಕೊಟ್ಟಿದ್ದೀರಿ, ಬಳಸುತ್ತಿದ್ದೀರಿ, ಸಂತೋಷ. ಮುಂದಿನ ಸಾಲನ್ನೂ ಬರೆಯಿರಿ.

ದುಡ್ಡಿಲ್ಲದೆ ಆಗುವ ಸಹಾಯವೂ ಇದೆ. ಹಳೆಯ ಕಂಪ್ಯೂಟರ್‌ಗಳನ್ನು ಹರಾಜಿಗೆ ಹಾಕುವ ಮುಂಚೆ ಅದರೊಳಗಿನ ಫೈಲುಗಳನ್ನು, ಮುಖ್ಯವಾಗಿ ಫಾಂಟುಗಳನ್ನು ತೆಗೆದಿಡಿ. ಎಷ್ಟೋ ಕಡೆ ಫೈಲು ಉಳಿದಿದೆ, ಫಾಂಟು ಗುಜರಿಗೆ ಹೋಗಿದೆ. ಶ್ರೀಲಿಪಿ ಅನ್ನುವ ಇನ್ನೊಂದು ಫಾಂಟಿನ ಲೆಕ್ಕವೇ ಬೇರೆ, ನುಡಿಯ ಲೆಕ್ಕವೇ ಬೇರೆ. ಫಾಂಟು ಇಲ್ಲದೆ ಯಾವ ಗುರುತು ಯಾವ ಅಕ್ಷರ ಅಂತ ಊಹಿಸಬೇಕಾಗುತ್ತದೆ. ಮತ್ತೆ, ಬಚ್ಚಿಡುವಂಥದ್ದು ಅಲ್ಲದಿದ್ದರೆ ಪರಿವರ್ತಿಸಿದ ಪಠ್ಯವನ್ನು ಜನರಿಗೆ ಬಿಡಿ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟುಕೊಟ್ಟಿತು. ಅದರಿಂದ ವಿಶ್ವವಿದ್ಯಾನಿಲಯದ ಗಂಟೇನೂ ಹೋಗಲಿಲ್ಲ. ನನ್ನಂಥವರಿಗೆ ಪರೀಕ್ಷೆ ಮಾಡಿಕೊಳ್ಳಲು ಒಳ್ಳೆಯ ಕನ್ನಡ ಸಿಕ್ಕಿತು.

ನಮ್ಮ ತಾತ ಊರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು, ಕಾಲುವೆಯಲ್ಲಿ ಕಸ ಕಟ್ಟಿಕೊಂಡರೆ ರಾತ್ರಿ ಹೋಗಿ ಬಿಡಿಸುವುದು. ಅವರಿಗೆ ಸ್ವಂತ ಗದ್ದೆ ಇರಲಿಲ್ಲ. ಸುಗ್ಗಿಯಲ್ಲಿ ಒಂದೊಂದು ಕಣಕ್ಕೂ ಹೋಗುತ್ತಿದ್ದರು, ರೈತರು ಭತ್ತ ಅಳೆದು ಕೊಡುತ್ತಿದ್ದರು. ಕೆಲವರು ಕೊಡುವಾಗ ಗೊಣಗುತ್ತಿದ್ದರಂತೆ, ಆದರೂ ಕೊಡುತ್ತಿದ್ದರು. ಅಮ್ಮ ಈಗಲೂ ಲ್ಯಾಪ್‌ಟಾಪ್ ನೋಡಿ ಕೇಳುತ್ತಾರೆ. ‘ಕಾಸೇನಾರ ಕೊಟ್ಟಾರ ಮಗ ಇದ್ಕೆ?’ ಇಲ್ಲಮ್ಮ ಅಂದರೆ, ‘ನಿಮ್ಮ ತಾತಂಗೆ ಭತ್ತನಾದ್ರೂ ಕೊಡೋರು’ ಅನ್ನುತ್ತಾರೆ.

ಮುಂದಿನ ವರ್ಷಕ್ಕೆ ನಮ್ಮ ಯೋಜನೆ ಚಿಕ್ಕದು. ಸಂಕ್ರಾಂತಿ ಹೊತ್ತಿಗೆ ಒಂದು ರಿಲೀಸ್. ಅದರಲ್ಲಿ ಹಳೆಯ ಫಾಂಟಿನ ಅಂಕಿಗಳ ಸಮಸ್ಯೆ ಸರಿಹೋಗುತ್ತದೆ. ಏಪ್ರಿಲ್‌ವರೆಗೆ ಕೀಲಿ ಹುಡುಗಿಯ ಕೈಯಲ್ಲಿ, ಅವಳ ಪರೀಕ್ಷೆ ಬಂದಾಗ ನನ್ನ ಕೈಯಲ್ಲಿ. ಭಾನುವಾರ ಯಾರಿಗೂ ಉತ್ತರ ಕೊಡುವುದಿಲ್ಲ. ಉತ್ತರ ಬರಲಿಲ್ಲ ಅಂದರೆ ಯೋಜನೆ ಸತ್ತಿದೆ ಅಂತಲ್ಲ, ಸೀಟು ಸಿಕ್ಕಿಲ್ಲ ಅಂತ ತಿಳಿಯಿರಿ.

ಇಂತಿ,
ಪರಿವರ್ತಕ ನೋಡಿಕೊಳ್ಳುವವನು

ಮರೆತಿದ್ದೆ: ದೂರು ಕಳಿಸುವಾಗ ಪರದೆಯ ಫೋಟೊ ಬೇಡ. ಮೂಲ ಫೈಲನ್ನೇ ಕಳಿಸಿ, ಯಾವ ಫಾಂಟು ಅಂತ ಒಂದು ಸಾಲು ಬರೆಯಿರಿ. ಕೆಂಪು ಇಂಕಿನ ಫೋಟೊಗೆ ಅನುಮತಿ ಇರುವುದು ಮೇಷ್ಟ್ರಿಗೆ ಮಾತ್ರ.